ಅಳಿಸಿಹೋದ ಪಠ್ಯ, ಉಳಿಸಿಕೊಂಡ ಸಮುದಾಯ: ‘ಡಾಕ್ಟರ್ ಹೂ’ ಮತ್ತು ಬ್ರಿಟಿಷ್ ಟೆಲಿವಿಷನ್ನಿನ ಅಭಿಮಾನಿ ಸಂಸ್ಕೃತಿ

1. ಪೀಠಿಕೆ

ಕೃತಿಯೊಂದು ನಷ್ಟವಾದ ಮೇಲೂ ಅದರ ಅಧ್ಯಯನ ಮುಂದುವರಿಯಬಲ್ಲದು ಎಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯೇನಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳನ್ನು ನಾವು ಯಾರೂ ಇಡಿಯಾಗಿ ಓದಿಲ್ಲ. ಅನಂತರದವರು ಎತ್ತಿಕೊಂಡ ಪದ್ಯಗಳು ಹಾಗೂ ಮಾಡಿದ ಉಲ್ಲೇಖಗಳ ಮೂಲಕವೇ ಅವುಗಳ ಸ್ವರೂಪವನ್ನು ಊಹಿಸಿಕೊಂಡಿದ್ದೇವೆ. ರನ್ನನ ‘ಪರಶುರಾಮಚರಿತ’ದ ಹೆಸರು ಉಳಿದಿದೆ, ಕಾವ್ಯ ಉಳಿದಿಲ್ಲ. ಇಂತಹ ನಷ್ಟವನ್ನು ನಾವು ಸಾಮಾನ್ಯವಾಗಿ ಓಲೆಗರಿಯ ಕಾಲಕ್ಕೆ ಸೇರಿದ್ದೆಂದು ಭಾವಿಸುತ್ತೇವೆ. ಗೆದ್ದಲು, ತೇವ, ಬೆಂಕಿ, ಅಲಕ್ಷ್ಯ ಇವುಗಳನ್ನು ಅದರ ಕಾರಣಗಳೆಂದು ಪಟ್ಟಿ ಮಾಡುತ್ತೇವೆ.

ಆದರೆ 20ನೆಯ ಶತಮಾನದ ಉತ್ತರಾರ್ಧದಲ್ಲಿ, ಜಗತ್ತಿನ ಅತ್ಯಂತ ಸುಸಜ್ಜಿತ ಪ್ರಸಾರ ಸಂಸ್ಥೆಗಳಲ್ಲಿ ಒಂದಾದ ಬಿಬಿಸಿ, ಕೋಟ್ಯಂತರ ಜನ ನೋಡಿದ್ದ ತನ್ನದೇ ಕಾರ್ಯಕ್ರಮಗಳನ್ನು ತಾನೇ ಅಳಿಸಿಹಾಕಿತು. ಈ ಅಳಿಸುವಿಕೆ ಆಕಸ್ಮಿಕವಲ್ಲ. ಕಚೇರಿಯ ನಿಯಮಗಳಿಗೆ ಅನುಸಾರವಾಗಿ, ಕಡತಗಳಲ್ಲಿ ದಾಖಲಾಗಿ ನಡೆದ ಕೆಲಸ ಅದು. ಹಾಗೆ ಅಳಿದುದರಲ್ಲಿ ಒಂದು ಪಾಲನ್ನು ಉಳಿಸಿಕೊಂಡವರು ವಿದ್ವಾಂಸರಾಗಲಿ ಗ್ರಂಥಪಾಲಕರಾಗಲಿ ಅಲ್ಲ, ಮನೆಯಲ್ಲಿ ಕುಳಿತು ಕಾರ್ಯಕ್ರಮ ನೋಡುತ್ತಿದ್ದ ಹುಡುಗರು. ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯ ಪ್ರಕರಣವನ್ನು ಆಧಾರವಾಗಿಟ್ಟುಕೊಂಡು, ಅಭಿಮಾನಿ ಸಮುದಾಯವೊಂದು ನಷ್ಟಪಠ್ಯದ ಸಂಪಾದಕ ಮಂಡಳಿಯಾಗಿ ರೂಪುಗೊಂಡ ಬಗೆಯನ್ನು ವಿವರಿಸುವುದು, ಅದರ ಸಾಧನೆಯನ್ನೂ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಧಾರಾವಾಹಿಯ ಹಿನ್ನೆಲೆ

‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಕಂತು 1963ರ ನವೆಂಬರ್ 23ರ ಶನಿವಾರ ಸಂಜೆ ಪ್ರಸಾರವಾಯಿತು. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನವದು. ಹೀಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನು ಮತ್ತೊಮ್ಮೆ ತೋರಿಸಲಾಯಿತು. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥನಾಗಿದ್ದ ಕೆನಡಾ ಮೂಲದ ಸಿಡ್ನಿ ನ್ಯೂಮನ್‌ಗೆ, ಶನಿವಾರದ ಕ್ರೀಡಾ ಕಾರ್ಯಕ್ರಮಕ್ಕೂ ಯುವಜನರ ಸಂಗೀತ ಕಾರ್ಯಕ್ರಮಕ್ಕೂ ನಡುವಣ ಹೊತ್ತನ್ನು ತುಂಬಬಲ್ಲ, ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಧಾರಾವಾಹಿಯೊಂದು ಬೇಕಾಗಿತ್ತು. ಕಾಲದಲ್ಲಿಯೂ ದೇಶದಲ್ಲಿಯೂ ಸಂಚರಿಸುವ ನಿಗೂಢ ವೃದ್ಧನೊಬ್ಬ, ಅವನ ಮೊಮ್ಮಗಳು, ಇಬ್ಬರು ಶಾಲಾ ಶಿಕ್ಷಕರು—ಒಬ್ಬರು ಇತಿಹಾಸ ಕಲಿಸುವವರು, ಇನ್ನೊಬ್ಬರು ವಿಜ್ಞಾನ ಕಲಿಸುವವರು—ಇವರ ಪಯಣದ ನೆಪದಲ್ಲಿ ಇತಿಹಾಸ ಮತ್ತು ವಿಜ್ಞಾನಗಳನ್ನು ಮಕ್ಕಳಿಗೆ ಪರಿಚಯಿಸುವುದು ಮೂಲ ಯೋಜನೆಯಾಗಿತ್ತು.

ಇದರ ಮೊದಲ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಮೊದಲ ಕಥಾನಕವನ್ನು ನಿರ್ದೇಶಿಸಿದವರು ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನ್. ರಾನ್ ಗ್ರೇನರ್ ರಚಿಸಿದ ಶೀರ್ಷಿಕೆ ಸಂಗೀತವನ್ನು ವಿದ್ಯುನ್ಮಾನ ಧ್ವನಿಗಳಲ್ಲಿ ಮೂಡಿಸಿದವರು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಷಾಪಿನ ಡೀಲಿಯಾ ಡರ್ಬಿಷೈರ್. ಅಂದಿನ ಬ್ರಿಟಿಷ್ ಪ್ರಸಾರ ಸಂಸ್ಥೆಯ ಗಂಡಾಳಿಕೆಯ ವಾತಾವರಣದಲ್ಲಿ ಒಬ್ಬ ಯುವತಿ, ಒಬ್ಬ ಭಾರತೀಯ ಮೂಲದ ತರುಣ, ಒಬ್ಬ ವಲಸಿಗ ಸೇರಿ ಕಟ್ಟಿದ ಕಾರ್ಯಕ್ರಮವು ಅನಂತರ ‘ಬ್ರಿಟಿಷ್‌ತನ’ದ ಪ್ರತೀಕವೆನಿಸಿದ್ದು ಗಮನಿಸತಕ್ಕ ಸಂಗತಿ. 1966ರಲ್ಲಿ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಅನಾರೋಗ್ಯದ ನಡುವೆ ನಿರ್ಗಮಿಸಬೇಕಾದಾಗ, ನಾಯಕನು ದೇಹವನ್ನು ಬದಲಿಸಿಕೊಳ್ಳಬಲ್ಲನೆಂಬ ಕಲ್ಪನೆಯೊಂದಿಗೆ ಪ್ಯಾಟ್ರಿಕ್ ಟ್ರೌಟನ್ ಆ ಪಾತ್ರಕ್ಕೆ ಬಂದರು. ಕಾರ್ಯಕ್ರಮದ ದೀರ್ಘಾಯುಷ್ಯದ ಗುಟ್ಟು ಈ ಕಲ್ಪನೆಯಲ್ಲಿದೆ. 1969ರವರೆಗಿನ ಮೊದಲ ಆರು ವರ್ಷಗಳಲ್ಲಿ ಒಟ್ಟು 253 ಕಪ್ಪು-ಬಿಳುಪು ಕಂತುಗಳು ಪ್ರಸಾರವಾದವು. ನಮ್ಮ ಚರ್ಚೆ ಈ ಕಂತುಗಳಿಗೆ ಸಂಬಂಧಿಸಿದ್ದು.

3. ನಷ್ಟದ ಕಾರಣಗಳು

ಈ ಕಂತುಗಳನ್ನು ಪ್ರಧಾನವಾಗಿ ಎರಡು ಅಂಗುಲ ಅಗಲದ ವಿಡಿಯೋ ಟೇಪಿನ ಮೇಲೆ ದಾಖಲಿಸಲಾಗುತ್ತಿತ್ತು. ಟೇಪು ದುಬಾರಿ, ಆದರೆ ಅಳಿಸಿ ಮತ್ತೆ ಬಳಸಬಹುದಾದದ್ದು. ಓಲೆಗರಿಯ ಮೇಲೆ ಕೊರೆದ ಅಕ್ಷರವನ್ನು ಅಳಿಸಿ ಅದೇ ಗರಿಯ ಮೇಲೆ ಮತ್ತೊಂದು ಕಾವ್ಯ ಬರೆಯುವುದು ನಮ್ಮಲ್ಲಿ ರೂಢಿಯಲ್ಲ. ಯೂರೋಪಿನಲ್ಲಿ ಚರ್ಮದ ಹಾಳೆಗಳನ್ನು ಕೆರೆದು ಮತ್ತೆ ಬರೆಯುವ ಪದ್ಧತಿ ಮಧ್ಯಯುಗದಲ್ಲಿತ್ತು. ಬಿಬಿಸಿಯ ಟೇಪಿನ ಗತಿಯೂ ಅದೇ ಆಯಿತು.

ಆರ್ಥಿಕ ಕಾರಣದ ಜೊತೆಗೆ ಕಾನೂನಿನ ಕಾರಣವೂ ಇತ್ತು. ನಟರ ಸಂಘ ಮತ್ತು ಸಂಗೀತಗಾರರ ಸಂಘಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು ಮರುಪ್ರಸಾರವನ್ನು ಸೀಮಿತ ಅವಧಿಗೆ, ಸೀಮಿತ ಸಂಖ್ಯೆಗೆ ನಿರ್ಬಂಧಿಸಿದ್ದವು. ಹಳೆಯ ಕಾರ್ಯಕ್ರಮಗಳನ್ನು ಮತ್ತೆ ಮತ್ತೆ ತೋರಿಸಿದರೆ ಹೊಸಬರಿಗೆ ಕೆಲಸ ಸಿಗದೆಂಬ ಕಾರ್ಮಿಕರ ಆತಂಕ ಇದರ ಹಿಂದಿತ್ತು. ಆ ಆತಂಕವನ್ನು ಹಗುರಾಗಿ ತಳ್ಳಿಹಾಕಲಾಗದು. 1969ರಲ್ಲಿ ಬಿಬಿಸಿಯ ಪ್ರಧಾನ ವಾಹಿನಿಗೂ ಬಣ್ಣ ಬಂದ ಮೇಲೆ ಕಪ್ಪು-ಬಿಳುಪಿನ ಕಾರ್ಯಕ್ರಮಕ್ಕೆ ಮರುಪ್ರಸಾರದ ಬೆಲೆಯೂ ಕುಸಿಯಿತು. ಮನೆಯಲ್ಲಿ ವಿಡಿಯೋ ನೋಡುವ ಕಾಲ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆಡಳಿತಾತ್ಮಕ ಕಾರಣ. ಬಿಬಿಸಿಯಲ್ಲಿ ಟೇಪುಗಳ ಹೊಣೆ ಎಂಜಿನಿಯರಿಂಗ್ ವಿಭಾಗದ್ದು. ವಿದೇಶೀ ಮಾರಾಟಕ್ಕಾಗಿ ಟೇಪಿನಿಂದ 16 ಮಿ.ಮೀ. ಫಿಲ್ಮಿಗೆ ಇಳಿಸಿದ ಪ್ರತಿಗಳ ಹೊಣೆ ಬಿಬಿಸಿ ಎಂಟರ್‌ಪ್ರೈಸಸ್ ಎಂಬ ವಾಣಿಜ್ಯ ವಿಭಾಗದ್ದು. ಫಿಲ್ಮ್ ಗ್ರಂಥಾಲಯದ ಹೊಣೆ ಮೂಲತಃ ಫಿಲ್ಮಿನಲ್ಲೇ ತಯಾರಾದ ಕಾರ್ಯಕ್ರಮಗಳದ್ದು. ಫಿಲ್ಮ್ ಪ್ರತಿ ಇದೆಯಲ್ಲವೆಂದು ಟೇಪನ್ನು ಅಳಿಸಿದರು. ಮೂಲ ಟೇಪು ಬೇರೆ ಕಡೆ ಇರಲೇಬೇಕೆಂದು, ಮಾರಾಟದ ಹಕ್ಕಿನ ಅವಧಿ ಮುಗಿದ ಫಿಲ್ಮನ್ನು ನಾಶಮಾಡಿದರು. ಒಂದು ಕೃತಿಯನ್ನು ಇಡಿಯಾಗಿ ಕಾಯುವ ಹೊಣೆ ಯಾರಿಗೂ ಇರಲಿಲ್ಲ. 1967ರಿಂದ 1978ರವರೆಗೆ ಈ ಕಾರ್ಯ ನಡೆಯಿತು. 1960ರ ದಶಕದ ಈ ಧಾರಾವಾಹಿಯ ಮೂಲ ಟೇಪುಗಳೆಲ್ಲ ಅಳಿದವು. ಇಂದು ಉಳಿದಿರುವ ಆ ಕಾಲದ ಕಂತುಗಳು ಬಹುಪಾಲು ಫಿಲ್ಮ್ ಪ್ರತಿಗಳ ಮೂಲಕ ಬಂದವು.

ನಷ್ಟ ‘ಡಾಕ್ಟರ್ ಹೂ’ಗೆ ಸೀಮಿತವಲ್ಲ. 1953ರ ‘ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ನ ಆರು ಕಂತುಗಳಲ್ಲಿ ಮೊದಲ ಎರಡು ಮಾತ್ರ ಫಿಲ್ಮಿಗೆ ಇಳಿದವು. ತರುಣ ಬಾಬ್ ಡಿಲನ್ ನಟಿಸಿದ್ದ 1963ರ ನಾಟಕ ‘ಮ್ಯಾಡ್‌ಹೌಸ್ ಆನ್ ಕ್ಯಾಸಲ್ ಸ್ಟ್ರೀಟ್’ ಉಳಿದಿಲ್ಲ. ಸಿನಿಮಾದಲ್ಲಿಯೂ ಇದಕ್ಕೆ ಪೂರ್ವನಿದರ್ಶನಗಳಿವೆ. ಆಲ್‌ಫ್ರೆಡ್ ಹಿಚ್‌ಕಾಕ್‌ನ ಎರಡನೆಯ ಚಿತ್ರ ‘ದ ಮೌಂಟನ್ ಈಗಲ್’ ಕಳೆದುಹೋದ ಬ್ರಿಟಿಷ್ ಚಿತ್ರಗಳ ಪಟ್ಟಿಯ ತಲೆಯಲ್ಲಿ ನಿಂತಿದೆ.

4. ಅಭಿಮಾನಿ ಸಮುದಾಯದ ರಚನೆ

1978ರ ಸುಮಾರಿಗೆ ಎರಡು ಘಟನೆಗಳು ನಡೆದವು. ಒಂದು, ಬಿಬಿಸಿ ತನ್ನ ಸಂಗ್ರಹದಲ್ಲಿ ಏನನ್ನು ಉಳಿಸಬೇಕೆಂದು ತೀರ್ಮಾನಿಸುವ ಹುದ್ದೆಯೊಂದನ್ನು ಸೃಷ್ಟಿಸಿ ಸೂ ಮಾಲ್ಡನ್ ಅವರನ್ನು ಅದಕ್ಕೆ ನೇಮಿಸಿತು. ಎರಡು, ಧಾರಾವಾಹಿಯ ಅಭಿಮಾನಿಯೂ ಸಂಗೀತ ನಿರ್ಮಾಪಕನೂ ಆದ ಇಯಾನ್ ಲೆವೀನ್, ಹಳೆಯ ಕಂತುಗಳನ್ನು ಕೊಳ್ಳಲು ಬಿಬಿಸಿ ಎಂಟರ್‌ಪ್ರೈಸಸ್‌ಗೆ ಹೋದಾಗ, ಡಾಲೆಕ್ ಎಂಬ ಯಾಂತ್ರಿಕ ಜೀವಿಗಳ ಮೊದಲ ಕಥಾನಕದ ಫಿಲ್ಮುಗಳು ನಾಶಕ್ಕೆಂದು ಗುರುತಾಗಿ ಕಾದಿರುವುದನ್ನು ಕಂಡು ತಡೆದ. ಸಂಸ್ಥೆಯೊಳಗಿನ ಎಚ್ಚರ ಮತ್ತು ಹೊರಗಿನ ಆಸಕ್ತಿ ಒಂದೇ ಹೊತ್ತಿಗೆ ಕೂಡಿದ್ದರಿಂದ ನಾಶ ನಿಂತಿತು.

ಆ ವೇಳೆಗೆ ಅಭಿಮಾನಿಗಳು ಸಂಘಟಿತರಾಗಿದ್ದರು. 1976ರಲ್ಲಿ ‘ಡಾಕ್ಟರ್ ಹೂ ಅಪ್ರೀಸಿಯೇಷನ್ ಸೊಸೈಟಿ’ ಸ್ಥಾಪನೆಯಾಗಿ, 1977ರಲ್ಲಿ ಲಂಡನ್ನಿನ ಚರ್ಚೊಂದರ ಸಭಾಂಗಣದಲ್ಲಿ ಮೊದಲ ಸಮಾವೇಶ ನಡೆಯಿತು. 1979ರಲ್ಲಿ ಈ ಧಾರಾವಾಹಿಗೇ ಮೀಸಲಾದ ವಾರಪತ್ರಿಕೆ ಆರಂಭವಾಗಿ, ಮುಂದೆ ಮಾಸಿಕವಾಗಿ ಬೆಳೆಯಿತು. ಸೈಕ್ಲೋಸ್ಟೈಲ್ ಮತ್ತು ನೆರಳಚ್ಚಿನ ಕಿರುಪತ್ರಿಕೆಗಳು ಹಲವು. ಇವುಗಳ ವಿಶೇಷವೇನೆಂದರೆ, ಕಾಣದ ಪಠ್ಯದ ಬಗ್ಗೆ ಬರೆಯಬೇಕಾದ ಅನಿವಾರ್ಯ. 1963ರ ಕಂತನ್ನು ನೋಡಿದವನಿಗೆ ಅದನ್ನು ಮತ್ತೆ ನೋಡುವ ದಾರಿಯಿರಲಿಲ್ಲ. ಎಳೆಯ ಅಭಿಮಾನಿಗಂತೂ ಅದು ಕೇಳಿದ ಕಥೆ. ಆದ್ದರಿಂದ ಕಂತುಗಳ ಅನುಕ್ರಮಣಿಕೆ, ಪ್ರಸಾರದ ದಿನಾಂಕ, ಪಾತ್ರವರ್ಗ, ಕಥಾಸಾರ ಇವುಗಳನ್ನು ಸಂಗ್ರಹಿಸುವುದೇ ಅಭಿಮಾನದ ಮೊದಲ ರೂಪವಾಯಿತು. ಕವಿಚರಿತೆಯ ಕೆಲಸಕ್ಕೆ ಸಮೀಪವಾದ ಕಾರ್ಯವಿದು.

ಅಭಿಮಾನಿಗಳ ಅಧ್ಯಯನವು ಬ್ರಿಟನ್ನಿನ ಸಾಂಸ್ಕೃತಿಕ ಅಧ್ಯಯನಗಳ ಒಂದು ಕವಲಾಗಿ ಬೆಳೆದದ್ದು ಇದೇ ಅವಧಿಯಲ್ಲಿ. ಜಾನ್ ಟಲಕ್ ಮತ್ತು ಮ್ಯಾನ್ಯುಯೆಲ್ ಅಲ್ವರಾಡೋ 1983ರಲ್ಲಿ ಈ ಧಾರಾವಾಹಿಯ ಬಗ್ಗೆ ವಿದ್ವತ್ ಗ್ರಂಥವನ್ನು ಹೊರತಂದರು. 1992ರಲ್ಲಿ ಹೆನ್ರಿ ಜೆಂಕಿನ್ಸ್, ಮೈಕೆಲ್ ದ ಸರ್ತೋನ ಚಿಂತನೆಯನ್ನು ಅನುಸರಿಸಿ, ಅಭಿಮಾನಿಗಳನ್ನು ಅನ್ಯರ ಹೊಲದಲ್ಲಿ ಅನುಮತಿಯಿಲ್ಲದೆ ಬೇಟೆಯಾಡುವವರಿಗೆ ಹೋಲಿಸಿ, ಅವರ ಓದಿನ ಸೃಜನಶೀಲತೆಯನ್ನು ಎತ್ತಿಹಿಡಿದರು. ಟಲಕ್ ಮತ್ತು ಜೆಂಕಿನ್ಸ್ ಕೂಡಿ ಬರೆದ 1995ರ ಗ್ರಂಥದಲ್ಲಿ ಅಭಿಮಾನಿಗಳನ್ನು ‘ಅಧಿಕಾರವಿಲ್ಲದ ಗಣ್ಯರು’ ಎಂಬ ಪರಿಕಲ್ಪನೆಯಿಂದ ವಿವರಿಸಲಾಗಿದೆ. ಪಠ್ಯದ ಬಗ್ಗೆ ಅವರಿಗಿರುವಷ್ಟು ತಿಳಿವಳಿಕೆ ನಿರ್ಮಾಪಕರಿಗೂ ಇಲ್ಲ. ಆದರೆ ಪಠ್ಯದ ಉತ್ಪಾದನೆಯ ಮೇಲೆ ಅವರಿಗೆ ಹಿಡಿತವಿಲ್ಲ. ಈ ಸಿದ್ಧಾಂತಗಳು ಅಭಿಮಾನಿಯನ್ನು ಮುಖ್ಯವಾಗಿ ಓದುಗನಾಗಿ, ವ್ಯಾಖ್ಯಾನಕಾರನಾಗಿ ಕಂಡವು. ನಷ್ಟ ಕಂತುಗಳ ಪ್ರಕರಣವು ಅವನನ್ನು ಲಿಪಿಕಾರನಾಗಿ, ಪ್ರತಿಸಂರಕ್ಷಕನಾಗಿ, ಸಂಪಾದಕನಾಗಿ ನೋಡಲು ಅವಕಾಶ ಕೊಡುತ್ತದೆ.

5. ಆಕರಗಳು

ನಷ್ಟ ಕಂತುಗಳಿಗೆ ಸಂಬಂಧಿಸಿದ ಆಕರಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಧ್ವನಿ. 1960ರ ದಶಕದಲ್ಲಿಯೇ ಕೆಲವು ಬಾಲಕರು ತಮ್ಮ ಮನೆಯ ಟೆಲಿವಿಷನ್ನಿನ ಎದುರು ಧ್ವನಿಮುದ್ರಕವನ್ನಿಟ್ಟು ಪ್ರಸಾರದ ಹೊತ್ತಿನಲ್ಲೇ ಕಂತುಗಳ ಧ್ವನಿಯನ್ನು ಹಿಡಿದಿಟ್ಟುಕೊಂಡರು. ಅವರಲ್ಲೊಬ್ಬ ಧ್ವನಿಮುದ್ರಕವನ್ನು ಟೆಲಿವಿಷನ್ನಿನ ಧ್ವನಿಮಂಡಲಕ್ಕೇ ನೇರವಾಗಿ ಜೋಡಿಸಿದ್ದರಿಂದ ಮನೆಯ ಸದ್ದುಗದ್ದಲ ಸೇರದ ಶುದ್ಧ ಪಾಠ ದೊರೆಯಿತು. ಹಲವರು ಸ್ವತಂತ್ರವಾಗಿ ಮುದ್ರಿಸಿಕೊಂಡ ಕಾರಣ ಒಂದೇ ಕಂತಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಒಂದರಲ್ಲಿ ಲುಪ್ತವಾದುದನ್ನು ಇನ್ನೊಂದರಿಂದ ತುಂಬಬಹುದಾಗಿದೆ. ಇದರ ಫಲವಾಗಿ ದೃಶ್ಯ ನಷ್ಟವಾದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಪೂರ್ಣವಾಗಿ ಲಭ್ಯವಿದೆ. ಸಂಸ್ಥೆಯ ಬಳಿ ಇಲ್ಲದ ಈ ಧ್ವನಿಯನ್ನು ಅನಂತರ ಬಿಬಿಸಿಯೇ ಅಭಿಮಾನಿಗಳಿಂದ ಪಡೆದು ಪ್ರಕಟಿಸಿತು.

ಎರಡನೆಯದು ಸ್ಥಿರಚಿತ್ರ. ಜಾನ್ ಕ್ಯೂರಾ ಎಂಬ ವೃತ್ತಿಪರ ಛಾಯಾಗ್ರಾಹಕ, ಪ್ರಸಾರದ ಹೊತ್ತಿನಲ್ಲಿ ಟೆಲಿವಿಷನ್ ತೆರೆಯನ್ನೇ ಚಿತ್ರಿಸಿ, ನಟರಿಗೂ ನಿರ್ದೇಶಕರಿಗೂ ಅವರ ಕೆಲಸದ ದಾಖಲೆಯಾಗಿ ಮಾರುತ್ತಿದ್ದರು. ಇವುಗಳಿಗೆ ‘ಟೆಲಿಸ್ನ್ಯಾಪ್’ ಎಂದು ಹೆಸರು. ಒಂದು ಕಂತಿಗೆ ಸುಮಾರು 60ರಿಂದ 80 ಚಿತ್ರಗಳು. 1993ರಲ್ಲಿ ಬಿಬಿಸಿಯ ಲಿಖಿತ ದಾಖಲೆಗಳ ಭಂಡಾರದಲ್ಲಿ ಇವುಗಳ ದೊಡ್ಡ ಸಂಗ್ರಹವೇ ಬೆಳಕಿಗೆ ಬಂದಿತು. 1964ರಲ್ಲಿ ಪ್ರಸಾರವಾಗಿ ಏಳು ಕಂತುಗಳೂ ನಷ್ಟವಾದ ‘ಮಾರ್ಕೊ ಪೋಲೊ’ ಕಥಾನಕದ ಟೆಲಿಸ್ನ್ಯಾಪ್‌ಗಳು ಅದರ ನಿರ್ದೇಶಕ ವಾರಿಸ್ ಹುಸೇನರ ಸ್ವಂತ ಸಂಗ್ರಹದಲ್ಲಿ ದೊರೆತವು. ಅವರು ನಿರ್ದೇಶಿಸದ ನಾಲ್ಕನೆಯ ಕಂತಿನ ಚಿತ್ರಗಳು ಮಾತ್ರ ಅಲ್ಲಿರಲಿಲ್ಲ. ಒಂದು ಪ್ರತಿಯ ಇತಿಹಾಸ ಅದರ ಒಡೆಯನ ಜೀವನದೊಂದಿಗೆ ಹೆಣೆದಿರುತ್ತದೆ ಎಂಬ ಹಸ್ತಪ್ರತಿಶಾಸ್ತ್ರದ ಮಾತಿಗೆ ಇದು ಒಳ್ಳೆಯ ನಿದರ್ಶನ.

ಮೂರನೆಯದು ಉದ್ಧರಣೆ. 1966ರ ಅಕ್ಟೋಬರ್ 29ರಂದು ಪ್ರಸಾರವಾದ ‘ದ ಟೆಂತ್ ಪ್ಲಾನೆಟ್’ನ ನಾಲ್ಕನೆಯ ಕಂತು ನಷ್ಟ ಕಂತುಗಳಲ್ಲಿ ಒಂದು. ಆದರೆ ನಾಯಕ ಮೊದಲ ಬಾರಿಗೆ ರೂಪಾಂತರ ಹೊಂದುವ ಅದರ ಕೊನೆಯ ದೃಶ್ಯ ಉಳಿದಿದೆ. ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ತುಣುಕನ್ನು ಬಳಸಿಕೊಂಡಿದ್ದೇ ಅದಕ್ಕೆ ಕಾರಣ. ಮೂಲಕಾವ್ಯ ಅಳಿದು ‘ಸೂಕ್ತಿಸುಧಾರ್ಣವ’ದಂತಹ ಸಂಕಲನದಲ್ಲಿ ಪದ್ಯ ಉಳಿಯುವುದಕ್ಕೆ ಇದು ಸಮಾನ. ಇದಕ್ಕಿಂತ ವಿಚಿತ್ರವಾದ ಉದಾಹರಣೆ ಆಸ್ಟ್ರೇಲಿಯಾದ್ದು. ಅಲ್ಲಿನ ಸೆನ್ಸಾರ್ ಮಂಡಳಿ ಮಕ್ಕಳಿಗೆ ತಕ್ಕದ್ದಲ್ಲವೆಂದು ಹಲವು ಕಂತುಗಳಿಂದ ಹಿಂಸೆಯ ದೃಶ್ಯಗಳನ್ನು ಕತ್ತರಿಸಿತ್ತು. ಕತ್ತರಿಸಿದ ತುಣುಕುಗಳು ಕಡತದೊಂದಿಗೆ ಸರಕಾರಿ ದಾಖಲೆಯಾದವು. 1996ರಲ್ಲಿ ಅಲ್ಲಿನ ಅಭಿಮಾನಿಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಅವುಗಳನ್ನು ಪತ್ತೆಹಚ್ಚಿದರು. ಪ್ರೇಕ್ಷಕರು ನೋಡಲು ಅರ್ಹವೆಂದು ಬಿಟ್ಟ ಭಾಗ ನಾಶವಾಗಿ, ನೋಡಬಾರದೆಂದು ತೆಗೆದ ಭಾಗವಷ್ಟೇ ಉಳಿಯಿತು.

ನಾಲ್ಕನೆಯದು ಕಾದಂಬರಿ ರೂಪ. 1964ರಿಂದ 1966ರ ಅವಧಿಯಲ್ಲಿ ಮೂರು ಕಥಾನಕಗಳು ಕಾದಂಬರಿಗಳಾದವು. 1973ರಲ್ಲಿ ಟಾರ್ಗೆಟ್ ಪ್ರಕಾಶನ ಅವುಗಳನ್ನು ಮರುಮುದ್ರಿಸಿ, ಬಳಿಕ ಬಹುತೇಕ ಎಲ್ಲ ಕಥಾನಕಗಳನ್ನೂ ಅಗ್ಗದ ಪುಸ್ತಕಗಳಾಗಿ ಹೊರತಂದಿತು. ಟೆರನ್ಸ್ ಡಿಕ್ಸ್ ಒಬ್ಬರೇ 60ಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಈ ಧಾರಾವಾಹಿಯ ಮೊದಲ ವಿಡಿಯೋ ಕ್ಯಾಸೆಟ್ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಒಂದು ತಲೆಮಾರಿಗೆ ಹಳೆಯ ಕಥಾನಕವೆಂದರೆ ಈ ಪುಸ್ತಕವೇ. ಇವು ಪ್ರಸಾರವಾದ ಪಠ್ಯಕ್ಕೆ ಯಾವಾಗಲೂ ನಿಷ್ಠವಲ್ಲ. ಡೇವಿಡ್ ವಿಟೇಕರ್ 1964ರಲ್ಲಿ ಬರೆದ ಮೊದಲ ಕಾದಂಬರಿಯಲ್ಲಿ ಪಾತ್ರಗಳು ಮೊದಲು ಸಂಧಿಸುವುದು ಬಾರ್ನ್ಸ್ ಕಾಮನ್ ಎಂಬ ಬಯಲಿನ ಮಂಜಿನಲ್ಲಿ. ಪ್ರಸಾರದ ಕಂತಿನಲ್ಲಿ ಆರಂಭ ಬೇರೆಯೇ ಇದೆ.

ಐದನೆಯದು ವಿದೇಶಗಳಿಗೆ ಹೋದ ಫಿಲ್ಮ್ ಪ್ರತಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್, ಸಿಂಗಪುರ, ನೈಜೀರಿಯಾ, ಜಾಂಬಿಯಾ ಮುಂತಾದೆಡೆ ಬಿಬಿಸಿ ಈ ಕಾರ್ಯಕ್ರಮವನ್ನು ಮಾರಿತ್ತು. ಒಂದು ಕೇಂದ್ರ ಪ್ರಸಾರ ಮಾಡಿದ ಮೇಲೆ ಪ್ರತಿಯನ್ನು ಮುಂದಿನ ಕೇಂದ್ರಕ್ಕೆ ಕಳಿಸಬೇಕು, ಇಲ್ಲವೇ ಹಿಂದಿರುಗಿಸಬೇಕು ಅಥವಾ ನಾಶಮಾಡಬೇಕು ಎಂಬುದು ಕರಾರು. ಕರಾರನ್ನು ಅಕ್ಷರಶಃ ಪಾಲಿಸದ ಕಡೆಗಳಲ್ಲಿ ಪ್ರತಿಗಳು ಉಳಿದವು. ‘ದ ಟೂಂಬ್ ಆಫ್ ದ ಸೈಬರ್‌ಮೆನ್’ನ ನಾಲ್ಕೂ ಕಂತುಗಳು ಹಾಂಗ್‌ಕಾಂಗ್‌ನಿಂದ ಮರಳಿ 1992ರಲ್ಲಿ ಕ್ಯಾಸೆಟ್ಟಾಗಿ ಬಿಡುಗಡೆಯಾದವು. 1999ರಲ್ಲಿ ಒಂದು ಕಂತು ನ್ಯೂಜಿಲೆಂಡಿನಲ್ಲಿ ದೊರೆಯಿತು. ಫಿಲಿಪ್ ಮೋರಿಸ್ ಎಂಬ ಶೋಧಕ ನೈಜೀರಿಯಾದ ಜೋಸ್ ನಗರದ ಪ್ರಸಾರ ಕೇಂದ್ರದಲ್ಲಿ ‘ದಿ ಎನಿಮಿ ಆಫ್ ದ ವರ್ಲ್ಡ್’ ಮತ್ತು ‘ದ ವೆಬ್ ಆಫ್ ಫಿಯರ್’ ಕಥಾನಕಗಳಿಗೆ ಸೇರಿದ, ಕಳೆದುಹೋಗಿದ್ದ ಒಂಬತ್ತು ಕಂತುಗಳನ್ನು ಪತ್ತೆಮಾಡಿದ ಸುದ್ದಿ 2013ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆ ಶೋಧದ ನಂತರ ನಷ್ಟ ಕಂತುಗಳ ಸಂಖ್ಯೆ 97ಕ್ಕೆ ಇಳಿಯಿತು.

ಸಾಮ್ರಾಜ್ಯದ ಕೇಂದ್ರದಲ್ಲಿ ಅಳಿದುದು ಅದರ ಹಳೆಯ ವಸಾಹತುಗಳಲ್ಲಿ ಉಳಿದ ಈ ಸಂಗತಿಯನ್ನು ವಸಾಹತೋತ್ತರ ವ್ಯಂಗ್ಯವೆಂದು ಓದುವ ಆಸೆಯಾಗುತ್ತದೆ. ಆದರೆ ಅಂಚುಗಳು ಇದನ್ನು ಉಳಿಸಿದ್ದು ಪ್ರೀತಿಯಿಂದಲ್ಲ, ಬಹುಮಟ್ಟಿಗೆ ಮರೆವಿನಿಂದ. ಕೇಂದ್ರದಲ್ಲಿ ಶಿಸ್ತು ಇತ್ತು. ಆ ಶಿಸ್ತೇ ನಾಶಕ್ಕೆ ಕಾರಣವಾಯಿತು. ಹಸ್ತಪ್ರತಿಗಳ ವಿಷಯದಲ್ಲಿಯೂ ಅಟ್ಟದ ಮೇಲೆ ಮರೆತ ಕಟ್ಟುಗಳು ಉಳಿದು, ಹೊಳೆಗೆ ವಿಧಿವತ್ತಾಗಿ ಬಿಟ್ಟ ಕಟ್ಟುಗಳು ಹೋದದ್ದನ್ನು ಇಲ್ಲಿ ನೆನೆಯಬಹುದು.

6. ಪುನಾರಚನೆಯ ಸಮಸ್ಯೆಗಳು

ಧ್ವನಿ, ಸ್ಥಿರಚಿತ್ರ, ಚಿತ್ರಕಥೆಯ ಪ್ರತಿ, ತುಣುಕುಗಳು ಇವುಗಳನ್ನು ಹೊಂದಿಸಿ ನಷ್ಟ ಕಂತನ್ನು ಪುನಾರಚಿಸುವ ಕೆಲಸವನ್ನು 1990ರ ದಶಕದಿಂದ ಅಭಿಮಾನಿ ಗುಂಪುಗಳು ಕೈಗೊಂಡವು. ‘ಲೂಸ್ ಕ್ಯಾನನ್’ ಎಂಬ ಗುಂಪು ಈ ಪುನಾರಚನೆಗಳನ್ನು ಲಾಭದ ಉದ್ದೇಶವಿಲ್ಲದೆ ಹಂಚಿತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅಕ್ರಮವಾದರೂ, ಮಾರಾಟವಲ್ಲವೆಂಬ ಕಾರಣಕ್ಕೆ ಇದನ್ನು ಸಹಿಸಿಕೊಳ್ಳಲಾಯಿತು. 2006ರಲ್ಲಿ ‘ದಿ ಇನ್ವೇಷನ್’ನ ನಷ್ಟವಾದ ಎರಡು ಕಂತುಗಳು ಉಳಿದ ಧ್ವನಿಗೆ ಹೊಂದಿಸಿದ ಅನಿಮೇಷನ್ ರೂಪದಲ್ಲಿ ಅಧಿಕೃತವಾಗಿ ಬಂದವು. 2016ರಲ್ಲಿ ‘ದ ಪವರ್ ಆಫ್ ದ ಡಾಲೆಕ್ಸ್’ನ ಆರೂ ಕಂತುಗಳು ಅದೇ ರೀತಿ ರೂಪುಗೊಂಡವು.

ಇಲ್ಲಿ ಗ್ರಂಥಸಂಪಾದನೆಯ ಮೂಲಭೂತ ಪ್ರಶ್ನೆಗಳೆಲ್ಲ ಮತ್ತೆ ಏಳುತ್ತವೆ. ಸಂಪಾದಕ ತನ್ನ ಕಾಲದ ಅಭಿರುಚಿಯನ್ನು ಪಾಠದೊಳಗೆ ಸೇರಿಸಬಹುದೆ? ಮೂಲ ಕಪ್ಪು-ಬಿಳುಪಾಗಿದ್ದಾಗ ಅನಿಮೇಷನ್ನಿಗೆ ಬಣ್ಣ ಕೊಡುವುದು ಪ್ರಕ್ಷೇಪವಲ್ಲವೆ? ಸ್ಥಿರಚಿತ್ರದ ಪುನಾರಚನೆಯು ತನ್ನ ಕೊರತೆಯನ್ನು ಮುಚ್ಚಿಡುವುದಿಲ್ಲ. ಎರಡು ಚಿತ್ರಗಳ ನಡುವೆ ಏನು ನಡೆಯಿತೆಂಬುದು ತನಗೆ ತಿಳಿಯದೆಂದು ಅದು ಪ್ರತಿ ಕ್ಷಣವೂ ಒಪ್ಪಿಕೊಳ್ಳುತ್ತದೆ. ಅನಿಮೇಷನ್ ನೋಡಲು ಸುಖಕರ. ಆದರೆ ಲುಪ್ತಸ್ಥಾನಗಳನ್ನು ಅದು ಗುರುತಿಲ್ಲದಂತೆ ತುಂಬಿಬಿಡುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ನಮಗೆ ಮೊದಲನೆಯದು ಶಾಸ್ತ್ರೀಯ ಆವೃತ್ತಿಗೂ ಎರಡನೆಯದು ಜನಪ್ರಿಯ ಆವೃತ್ತಿಗೂ ಸಮೀಪವೆಂದು ತೋರುತ್ತದೆ.

ಕರ್ತೃತ್ವದ ಸಮಸ್ಯೆಯನ್ನು 1966ರ ‘ದ ಮ್ಯಾಸಕರ್’ ಕಥಾನಕ ಸ್ಪಷ್ಟವಾಗಿ ಮುಂದಿಡುತ್ತದೆ. 1572ರ ಪ್ಯಾರಿಸಿನಲ್ಲಿ ನಡೆದ ಪ್ರಾಟೆಸ್ಟಂಟರ ಹತ್ಯಾಕಾಂಡ ಇದರ ವಸ್ತು. ಹಾರ್ಟ್‌ನೆಲ್ ಇದರಲ್ಲಿ ನಾಯಕನಾಗಿಯೂ ಅವನನ್ನೇ ಹೋಲುವ ಮಠಾಧಿಪತಿಯಾಗಿಯೂ ಕಾಣಿಸಿಕೊಂಡರು. ನಾಲ್ಕೂ ಕಂತುಗಳು ನಷ್ಟವಾಗಿವೆ, ಟೆಲಿಸ್ನ್ಯಾಪ್‌ಗಳೂ ಇಲ್ಲ. ಎರಡು ಪಾತ್ರಗಳ ಭೇದವನ್ನು ನಟ ಮುಖದಲ್ಲಿ, ನಿಲುವಿನಲ್ಲಿ ಹೇಗೆ ತಂದರೆಂಬುದನ್ನು ಧ್ವನಿಯಿಂದಲೇ ಊಹಿಸಬೇಕು. ಜಾನ್ ಲೂಕರಾಟಿ ಬರೆದ ಚಿತ್ರಕಥೆಯನ್ನು ಡಾನಲ್ಡ್ ಟಾಷ್ ಬಹಳಷ್ಟು ತಿದ್ದಿ ಬರೆದಿದ್ದರು. 1987ರಲ್ಲಿ ಲೂಕರಾಟಿ ಇದನ್ನು ಕಾದಂಬರಿಯಾಗಿಸಿದಾಗ ಪ್ರಸಾರವಾದ ಪಾಠವನ್ನು ಬಿಟ್ಟು ತಮ್ಮ ಮೂಲ ಕಲ್ಪನೆಗೆ ಮರಳಿದರು. ಹೀಗಾಗಿ ಕವಿಯ ಉದ್ದೇಶಿತ ಪಾಠವೆಂದು ಕರೆಯಬಹುದಾದದ್ದು ಒಂದು, ಜನ ನೋಡಿದ ಪಾಠ ಇನ್ನೊಂದು. ಯಾವುದು ಮೂಲ? ಅಭಿಮಾನಿ ಸಮುದಾಯ ಪ್ರಸಾರವಾದ ಪಾಠವನ್ನೇ ಪ್ರಮಾಣವೆಂದು ಹಿಡಿಯಿತು. ನಟ ತಡವರಿಸಿ ತಪ್ಪು ನುಡಿದ ಮಾತನ್ನೂ ಅದು ತಿದ್ದದೆ ಉಳಿಸಿಕೊಳ್ಳುತ್ತದೆ. ಪ್ರದರ್ಶನಕಲೆಯ ಪಠ್ಯಕ್ಕೆ ಇದು ಉಚಿತವಾದ ನಿಲುವೆಂದೇ ತೋರುತ್ತದೆ.

7. ಸ್ಮೃತಿ ಮತ್ತು ಮೌಲ್ಯನಿರ್ಣಯ

ಕಾಣದ ಕೃತಿಗೆ ಕೀರ್ತಿ ಹೆಚ್ಚು. ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ದೀರ್ಘಕಾಲ ಈ ಧಾರಾವಾಹಿಯ ಶ್ರೇಷ್ಠ ಕಥಾನಕಗಳಲ್ಲಿ ಒಂದೆಂದು ಹೆಸರಾಗಿತ್ತು. 1992ರಲ್ಲಿ ಅದು ಕಣ್ಣಿಗೆ ಬಿದ್ದಾಗ ಟ್ರೌಟನ್ನರ ಅಭಿನಯವನ್ನು ಎಲ್ಲರೂ ಮೆಚ್ಚಿದರು. ಆದರೆ ಕಥೆಯ ಸಡಿಲ ಬಂಧವೂ, ಮಾತಿಲ್ಲದ ಬಲಿಷ್ಠ ಸೇವಕನಾಗಿ ಕಪ್ಪುವರ್ಣೀಯನನ್ನು ಚಿತ್ರಿಸಿದ ರೀತಿಯೂ ಚರ್ಚೆಗೆ ಬಂದವು. ಇದಕ್ಕೆ ವಿರುದ್ಧವಾಗಿ, ‘ದಿ ಎನಿಮಿ ಆಫ್ ದ ವರ್ಲ್ಡ್’ನ ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿದ್ದಾಗ ಅದನ್ನು ಸಾಧಾರಣ ಕೃತಿಯೆಂದು ಬಗೆದಿದ್ದರು. 2013ರಲ್ಲಿ ಇಡೀ ಕಥಾನಕ ದೊರೆತ ಮೇಲೆ ಅದರ ಸ್ಥಾನ ಮೇಲಕ್ಕೇರಿತು. ಒಂದರಲ್ಲಿ ಅನುಪಸ್ಥಿತಿ ಕೀರ್ತಿಯನ್ನು ಬೆಳೆಸಿತು. ಇನ್ನೊಂದರಲ್ಲಿ ಬಿಡಿ ತುಣುಕು ಕೀರ್ತಿಯನ್ನು ಕುಗ್ಗಿಸಿತು. ಉಳಿದ ಪದ್ಯಗಳ ಆಧಾರದಿಂದ ಕಳೆದ ಕಾವ್ಯದ ಗುಣವನ್ನು ನಿರ್ಣಯಿಸುವ ಸಾಹಿತ್ಯ ಚರಿತ್ರಕಾರರಿಗೆ ಈ ಎರಡು ಉದಾಹರಣೆಗಳು ಎಚ್ಚರಿಕೆಯ ಮಾತುಗಳಾಗಿವೆ.

‘ಮಾರ್ಕೊ ಪೋಲೊ’ವಿನ ಬಗೆಗೂ ಇದೇ ಮಾತು ಅನ್ವಯಿಸುತ್ತದೆ. ಉಳಿದ ಚಿತ್ರಗಳಲ್ಲಿ ಕಾಣುವ ಅದರ ರಂಗಸಜ್ಜಿಕೆ ಮತ್ತು ವೇಷಭೂಷಣಗಳ ವೈಭವ ಅಭಿಮಾನಿಗಳನ್ನು ಮುಗ್ಧಗೊಳಿಸಿದೆ. ಅದರ ಏಷ್ಯಾದ ಪಾತ್ರಗಳಲ್ಲಿ ಬಹುತೇಕ ಬಣ್ಣ ಬಳಿದುಕೊಂಡ ಬಿಳಿಯ ನಟರಿದ್ದರೆಂಬುದೂ ಅದೇ ಚಿತ್ರಗಳಲ್ಲಿ ಕಾಣುತ್ತದೆ. ಕೃತಿಯನ್ನು ಉಳಿಸುವುದೆಂದರೆ ಅದರ ಕಾಲದ ದೋಷಗಳಿಗೂ ಸಾಕ್ಷ್ಯವನ್ನು ಉಳಿಸಿದಂತೆ.

8. ಅಭಿಮಾನದ ಮಿತಿ

ಅಭಿಮಾನಿ ಸಮುದಾಯದ ಸಾಧನೆಯನ್ನು ಒಪ್ಪಿಕೊಂಡೂ ಅದರ ಮಿತಿಯನ್ನು ಹೇಳಬೇಕಾಗುತ್ತದೆ. ಪ್ರೀತಿ ತಾನು ಪ್ರೀತಿಸಿದ್ದನ್ನು ಮಾತ್ರ ಕಾಯುತ್ತದೆ. ಫುಟ್‌ಬಾಲ್ ತಂಡವೊಂದರ ಕಥೆಯಾದ ‘ಯುನೈಟೆಡ್!’ ಎಂಬ ಬಿಬಿಸಿ ಧಾರಾವಾಹಿಯ 147 ಕಂತುಗಳು 1965ರಿಂದ 1967ರವರೆಗೆ ಪ್ರಸಾರವಾದವು, ಒಂದೂ ಉಳಿದಿಲ್ಲ. ಮಹಿಳಾ ಪತ್ರಿಕೆಯೊಂದರ ಕಚೇರಿಯನ್ನು ಕುರಿತ ‘ಕಾಂಪ್ಯಾಕ್ಟ್’ ಧಾರಾವಾಹಿಯ ನೂರಾರು ಕಂತುಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಇವುಗಳನ್ನು ನೋಡಿದವರು ಕಡಿಮೆಯಲ್ಲ. ಆದರೆ ಸಂಜೆಯ ಕೆಲಸಗಳ ನಡುವೆ ಧಾರಾವಾಹಿ ನೋಡುತ್ತಿದ್ದ ಗೃಹಿಣಿ ಧ್ವನಿಮುದ್ರಕವನ್ನು ಹೂಡಿ ಕುಳಿತುಕೊಳ್ಳಲಿಲ್ಲ, ಅನುಕ್ರಮಣಿಕೆ ಬರೆಯಲಿಲ್ಲ. ಬಿಡುವು, ಯಂತ್ರ ಮತ್ತು ಸಂಗ್ರಹಿಸುವ ಹವ್ಯಾಸ ಇವು ಆ ಕಾಲದ ಬ್ರಿಟನ್ನಿನಲ್ಲಿ ಹೆಚ್ಚಾಗಿ ಹುಡುಗರ ಪಾಲಿಗಿದ್ದವು. ಸಂಘಗಳ ಆರಂಭಿಕ ಮುಂದಾಳುಗಳೂ ಬಹುತೇಕ ತರುಣರೇ. ಆದ್ದರಿಂದ ಇಂದು ಲಭ್ಯವಿರುವ 1960ರ ದಶಕದ ಬ್ರಿಟಿಷ್ ಟೆಲಿವಿಷನ್, ಲಿಂಗ ಮತ್ತು ವರ್ಗಗಳ ಜರಡಿಯ ಮೂಲಕ ಸೋಸಿ ಬಂದ ಟೆಲಿವಿಷನ್. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಲ್ಲಿ ಆರಂಭಿಸಿದ ‘ಮಿಸ್ಸಿಂಗ್ ಬಿಲೀವ್ಡ್ ವೈಪ್ಡ್’ ಕಾರ್ಯಕ್ರಮದಂತಹ ಸಾಂಸ್ಥಿಕ ಪ್ರಯತ್ನಗಳು ಈ ಕಾರಣದಿಂದಲೇ ಅಗತ್ಯ. ಅಭಿಮಾನಿಗಳಿಲ್ಲದ ಕೃತಿಗೂ ಅಲ್ಲಿ ಜಾಗವಿದೆ. 2011ರಲ್ಲಿ ‘ಡಾಕ್ಟರ್ ಹೂ’ವಿನ ಎರಡು ಕಂತುಗಳ ಮರಳಿಕೆ ಪ್ರಕಟವಾದದ್ದೂ ಅದೇ ವೇದಿಕೆಯಲ್ಲಿ.

ಇನ್ನೊಂದು ಮಿತಿ ಅಧಿಕಾರಕ್ಕೆ ಸಂಬಂಧಿಸಿದ್ದು. 1989ರಲ್ಲಿ ನಿಂತುಹೋದ ಧಾರಾವಾಹಿಯನ್ನು 2005ರಲ್ಲಿ ಮತ್ತೆ ಕಟ್ಟಿದ ರಸೆಲ್ ಟಿ. ಡೇವಿಸ್, ಅವರ ನಂತರ ಬಂದ ಸ್ಟೀವನ್ ಮೊಫಾಟ್, ಕ್ರಿಸ್ ಚಿಬ್ನಾಲ್ ಮೂವರೂ ಬಾಲ್ಯದಿಂದ ಅಭಿಮಾನಿಗಳು. ಚಿಬ್ನಾಲ್ 1986ರಲ್ಲಿ ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದರಲ್ಲಿ ತರುಣ ಅಭಿಮಾನಿಯಾಗಿ ಕುಳಿತು ಅಂದಿನ ಕಂತುಗಳನ್ನು ಟೀಕಿಸಿದ್ದರು. ಹಾಗಾಗಿ ‘ಅಧಿಕಾರವಿಲ್ಲದ ಗಣ್ಯರು’ ಎಂಬ ವಿವರಣೆ ಈಗ ಹಾಗೆಯೇ ನಿಲ್ಲುವುದಿಲ್ಲ. ಅಂಚಿನ ಓದುಗ ಕೇಂದ್ರಕ್ಕೆ ಬಂದಾಗ ಅವನ ಓದು ಪ್ರತಿರೋಧವಾಗಿ ಉಳಿಯುವುದೇ ಎಂಬುದು ಅಭಿಮಾನಿ ಅಧ್ಯಯನಗಳು ಎದುರಿಸಬೇಕಾದ ಪ್ರಶ್ನೆ.

9. ಸಮಾರೋಪ

ಮೇಲಿನ ಚರ್ಚೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕೃತಿಯನ್ನು ಸೃಷ್ಟಿಸಿದ ಸಂಸ್ಥೆಯೇ ಅದರ ಸಹಜ ರಕ್ಷಕನೆಂದು ನಂಬಲು ಆಧಾರವಿಲ್ಲ. ಹಾಗೆಯೇ, ಇಂದು ಕ್ಷುಲ್ಲಕವೆಂದು ತೋರುವ ಜನಪ್ರಿಯ ಪಠ್ಯ ನಾಳೆ ಚರಿತ್ರೆಯ ಆಕರವಾಗಬಲ್ಲದು. ಅದರ ಮೌಲ್ಯವನ್ನು ಮೊದಲು ಗುರುತಿಸುವವರು ಪಂಡಿತರೇ ಆಗಿರಬೇಕಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಲಭ್ಯವಿಲ್ಲ. ನಮ್ಮ ಚಿತ್ರಚರಿತ್ರೆ ನಷ್ಟಪಠ್ಯವೊಂದರಿಂದಲೇ ಆರಂಭವಾಗುತ್ತದೆ. ಇದರ ಜೊತೆಗೆ ಬೇರೊಂದು ಪರಂಪರೆಯೂ ನಮ್ಮಲ್ಲಿದೆ. ಕರಾವಳಿಯ ಆಸಕ್ತ ಕೇಳುಗರು ತಾಳಮದ್ದಳೆಯ ಕೂಟಗಳನ್ನು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಒಮ್ಮೆ ನುಡಿದು ಮುಗಿಯುವ ಅರ್ಥಗಾರಿಕೆಗೆ ಅದೇ ಲಿಖಿತ ಪ್ರತಿ. ಇಂತಹ ಖಾಸಗಿ ಸಂಗ್ರಹಗಳನ್ನು ಹವ್ಯಾಸವೆಂದು ಬದಿಗಿಡದೆ ಆಕರಗಳೆಂದು ಪರಿಗಣಿಸಿ, ಅವುಗಳ ಸೂಚಿ ಸಿದ್ಧಪಡಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕಾರ್ಯ. ಕಾಂತೀಯ ಪಟ್ಟಿಯ ಆಯುಷ್ಯ ಓಲೆಗರಿಯದಕ್ಕಿಂತ ಬಹಳ ಕಡಿಮೆ. ಆ ಕೂಟಗಳನ್ನು ಮುದ್ರಿಸಿಕೊಂಡ ತಲೆಮಾರು ನಮ್ಮ ನಡುವೆ ಇರುವಾಗಲೇ, ಯಾವ ಕ್ಯಾಸೆಟ್ಟಿನಲ್ಲಿ ಯಾರ ಧ್ವನಿಯಿದೆ ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳಬೇಕಾಗಿದೆ.